ಎಸ್‌ಎಸ್‌ಡಿ ಕೂರಿಸೋಕೆ ಹತ್ತು ನಿಮಿಷ, ಹಳೇ ಬೋರ್ಡನ್ನು ಒಪ್ಪಿಸೋಕೆ ಅರ್ಧ ದಿನ

ಹತ್ತು ಹನ್ನೆರಡು ವರ್ಷದ ಡೆಸ್ಕ್‌ಟಾಪ್ ಸರ್ವೀಸಿಗೆ ಬಂದರೆ ಸಾಮಾನ್ಯವಾಗಿ ಕೇಳಿಬರುವ ಮಾತು: "ಇದರಲ್ಲಿರೋದು ಸಾಟಾ 2 ಪೋರ್ಟ್, ಎಸ್‌ಎಸ್‌ಡಿ ಹಾಕಿ ಏನು ಪ್ರಯೋಜನ?" ಪ್ರಯೋಜನ ಇದೆ. (ಸಾಟಾ ಅಂದರೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಕಿಂಡಿ; ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡ್ರೈವ್.) ಸಾಟಾ 2ರಲ್ಲಿ ಸೆಕೆಂಡಿಗೆ ಸುಮಾರು 270 ಎಂಬಿ, ಸಾಟಾ 3ರಲ್ಲಿ 550 ಎಂಬಿ ಸಿಗುತ್ತದೆ, ನಿಜ. ಆದರೆ ವಿಂಡೋಸ್ ಬೂಟ್ ಆಗುವಾಗ ದೊಡ್ಡ ಫೈಲನ್ನು ಸಾಲಾಗಿ ಓದುತ್ತ ಕೂರುವುದಿಲ್ಲ. ಡಿಸ್ಕಿನ ಮೂಲೆಮೂಲೆಯಿಂದ ಸಾವಿರಾರು ಸಣ್ಣ ತುಣುಕುಗಳನ್ನು ಹೆಕ್ಕುತ್ತದೆ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ಅರ್ಧ ಸುತ್ತು ತಿರುಗುವುದಕ್ಕೇ 4 ಮಿಲಿಸೆಕೆಂಡ್ ಬೇಕು, ಹೆಡ್ ಸರಿಯಾದ ಜಾಗಕ್ಕೆ ಸರಿಯಲು ಇನ್ನೊಂದು 8–9. ಒಂದೊಂದಾಗಿ ಕೇಳಿದರೆ ಸೆಕೆಂಡಿಗೆ ನೂರು ತುಣುಕು ಬರುವುದೂ ಕಷ್ಟ. ಎಸ್‌ಎಸ್‌ಡಿ ಅದೇ ಹೊತ್ತಿನಲ್ಲಿ ಸಾವಿರಗಟ್ಟಲೆ ಕೊಡುತ್ತದೆ. ಪೋರ್ಟ್ ಯಾವುದಾದರೂ ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದೇ.

ಹಾಗಂತ ಇರುವ ಒಳ್ಳೆಯ ಪೋರ್ಟ್ ಬಿಡಬೇಕಾಗಿಲ್ಲ. ಇಂಟೆಲ್ ಎಚ್61 ಚಿಪ್‌ಸೆಟ್‌ನ (ಬೋರ್ಡಿನ ಪೋರ್ಟ್‌ಗಳನ್ನು ನಡೆಸುವ ಚಿಪ್) ಪೋರ್ಟ್‌ಗಳೆಲ್ಲ ಸಾಟಾ 2. ಎಚ್67, ಪಿ67ರಲ್ಲಿ 0 ಮತ್ತು 1ನೇ ಪೋರ್ಟ್ ಮಾತ್ರ ಸಾಟಾ 3. ಬಣ್ಣ ನಂಬಬೇಡಿ, ಅದು ಕಂಪನಿಗೊಂದು ಥರ; ಬೋರ್ಡಿನ ಮೇಲೆ ಮುದ್ರಿಸಿರುವ ನಂಬರ್ ಓದಿ. ಕೆಲವು ಬೋರ್ಡ್‌ಗಳಲ್ಲಿ ಮಾರ್ವೆಲ್‌ನಂಥ ಪ್ರತ್ಯೇಕ ಕಂಟ್ರೋಲರ್‌ನ ಸಾಟಾ 3 ಪೋರ್ಟ್ ಇರುತ್ತದೆ. ಅದು ಒಂದೇ ಪಿಸಿಐಇ ಲೇನ್ (ಡೇಟಾ ಹರಿಯುವ ದಾರಿ) ಮೇಲೆ ನಡೆಯುವುದರಿಂದ ಹೆಸರಿಗಷ್ಟೇ ಸಾಟಾ 3. ಬೂಟ್ ಡ್ರೈವ್‌ಗೆ ಚಿಪ್‌ಸೆಟ್‌ನದೇ ಪೋರ್ಟ್ ವಾಸಿ. ಇನ್ನು ಅಡಾಪ್ಟರ್ ಕಾರ್ಡ್ ಹಾಕಿ ಎನ್‌ವಿಎಂಇ ಡ್ರೈವ್ (ಸಾಟಾ ಬಿಟ್ಟು ಪಿಸಿಐಇ ಮೇಲೆ ಓಡುವ ವೇಗದ ಎಸ್‌ಎಸ್‌ಡಿ) ಸೇರಿಸುವ ಆಸೆ: 2014ಕ್ಕಿಂತ ಹಿಂದಿನ ಬಹುತೇಕ ಬೋರ್ಡ್‌ಗಳ ಬಯಾಸ್‌ಗೆ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್) ಅದರಿಂದ ಬೂಟ್ ಮಾಡುವುದು ಗೊತ್ತಿಲ್ಲ. ಡೇಟಾ ಇಡಲು ಸರಿ, ವಿಂಡೋಸ್‌ಗೆ ಬೇಡ. 2.5 ಇಂಚಿನ ಸಾಟಾ ಡ್ರೈವೇ ಸಾಕು.

ಕ್ಲೋನ್ ಮಾಡುವ, ಅಂದರೆ ಹಳೇ ಡಿಸ್ಕನ್ನು ಇದ್ದಹಾಗೇ ಎಸ್‌ಎಸ್‌ಡಿಗೆ ನಕಲಿಸುವ ಮುಂಚೆ ಅದರ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಅದರಲ್ಲಿ 05 ಮತ್ತು ಸಿ5 ಎಂಬ ಸಾಲುಗಳ ಕೊನೆಯ ಅಂಕಣ ಸೊನ್ನೆ ಇರಬೇಕು. ಸಿ5 ಸೊನ್ನೆ ಅಲ್ಲ ಅಂದರೆ ಓದಲಾಗದ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ಖಾನೆಗಳು) ಇವೆ. ಕ್ಲೋನ್ ಅಲ್ಲೇ ನಿಲ್ಲಬಹುದು, ಅಥವಾ ಹಾಳಾದ ಫೈಲ್ ಹಾಗೇ ಹೊಸ ಡ್ರೈವ್‌ಗೆ ಬರಬಹುದು. ಆಗ ಬೇಕಾದ ಡೇಟಾ ಮೊದಲು ಹೊರಗೆ ತೆಗೆದಿಟ್ಟು, ವಿಂಡೋಸ್ ಹೊಸದಾಗಿ ಹಾಕುವುದೇ ದಾರಿ. ಸಿ7 (ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ) ಏರುತ್ತಿದ್ದರೆ ಡಿಸ್ಕ್ ಬೈಯಬೇಡಿ, ಅದು ಬಹುಪಾಲು ಕೇಬಲ್ಲಿನ ತಪ್ಪು. ಅದೇ ಸಡಿಲ ಕೇಬಲ್ ಎಸ್‌ಎಸ್‌ಡಿಗೂ ಚುಚ್ಚಿದರೆ ಹೊಸ ಡ್ರೈವ್ ಕೂಡ ನಡುನಡುವೆ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಲೋಹದ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿ.

ಕ್ಲೋನ್ ಮುಗಿದ ಮೇಲೆ ಮೊದಲ ಬೂಟ್‌ಗೆ ಹಳೇ ಡಿಸ್ಕ್ ಕಳಚಿಡಲೇಬೇಕು. ಎರಡಕ್ಕೂ ಒಂದೇ ಡಿಸ್ಕ್ ಸಿಗ್ನೇಚರ್ (ಡಿಸ್ಕಿನ ಗುರುತಿನ ಸಂಖ್ಯೆ) ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ಹಳೆಯದರಿಂದಲೇ ಬೂಟ್ ಆಗಿ "ಎಸ್‌ಎಸ್‌ಡಿ ಹಾಕಿದರೂ ಏನೂ ಬದಲಾಗಿಲ್ಲ" ಎಂಬ ದೂರು ಬರುತ್ತದೆ.

ಜೋಡಣೆಯಲ್ಲಿ ಎರಡೇ ಎಚ್ಚರ. 2.5 ಇಂಚಿನ ಡ್ರೈವ್‌ಗೆ ಬೇಕಾದದ್ದು ಎಂ3 ಸ್ಕ್ರೂ. ಹಳೇ ಹಾರ್ಡ್ ಡಿಸ್ಕಿನಿಂದ ಬಿಚ್ಚಿದ ದಪ್ಪ ಸ್ಕ್ರೂ ತಿರುಗಿಸಿದರೆ ತೂತಿನೊಳಗಿನ ಮರೆ (ಥ್ರೆಡ್) ಹರಿದುಹೋಗುತ್ತದೆ. ಪವರ್ ಸಪ್ಲೈನಲ್ಲಿ ಸಾಟಾ ಕನೆಕ್ಟರ್ ಸಾಲದೆ ಮೊಲೆಕ್ಸ್ ಅಡಾಪ್ಟರ್ ಹಾಕಬೇಕಾದರೆ, ವೈರುಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ತುದಿಯದ್ದು ಬೇಡ. ಒಳಗೆ ವೈರುಗಳು ಒಂದಕ್ಕೊಂದು ತಗುಲಿ ಸುಟ್ಟುಹೋಗುವ ಜಾತಿ ಅದು.

ಹೆಚ್ಚು ಹೊತ್ತು ತಿನ್ನುವುದು ಎಎಚ್‌ಸಿಐ, ಅಂದರೆ ಬೋರ್ಡ್ ಸಾಟಾ ಡ್ರೈವ್ ಜೊತೆ ಮಾತಾಡುವ ಹೊಸ ವಿಧಾನ. ಹಳೇ ಯಂತ್ರಗಳಲ್ಲಿ ಬಯಾಸ್‌ನ ಸಾಟಾ ಮೋಡ್ ಹಳೇ ವಿಧಾನವಾದ ಐಡಿಇ ಎಂದೇ ಇರುತ್ತದೆ. ಅದರಲ್ಲಿ ಎನ್‌ಸಿಕ್ಯು ಇಲ್ಲ, ಅಂದರೆ ಹಲವು ಕೋರಿಕೆಗಳನ್ನು ಡ್ರೈವ್‌ಗೆ ಒಟ್ಟಿಗೆ ಒಪ್ಪಿಸಲು ಆಗುವುದಿಲ್ಲ. ನೇರವಾಗಿ ಬಯಾಸ್‌ಗೆ ಹೋಗಿ ಬದಲಿಸಿದರೆ ಎಎಚ್‌ಸಿಐ ಡ್ರೈವರ್ ಶುರುವಾಗದೆ 7ಬಿ ಕೋಡಿನ ಬ್ಲೂ ಸ್ಕ್ರೀನ್ ಗ್ಯಾರಂಟಿ. ವಿಂಡೋಸ್ 10ರಲ್ಲಿ ಕ್ರಮ ಹೀಗೆ: ವಿಂಡೋಸ್‌ನದೇ ಸೆಟ್ಟಿಂಗ್ ಟೂಲ್ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ಏಳುವ ಮುಂಚೆಯೇ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ ಸೇವ್ ಮಾಡಿ. ಸೇಫ್ ಮೋಡ್‌ನಲ್ಲಿ ಎದ್ದಾಗ ವಿಂಡೋಸ್ ತಾನೇ ಡ್ರೈವರ್ ಹಾಕಿಕೊಳ್ಳುತ್ತದೆ. ಟಿಕ್ ತೆಗೆದು ಮತ್ತೊಮ್ಮೆ ರೀಸ್ಟಾರ್ಟ್. ಬ್ಲೂ ಸ್ಕ್ರೀನ್ ಬಂದೇಬಿಟ್ಟಿದ್ದರೂ ಗಾಬರಿ ಬೇಡ, ಐಡಿಇಗೆ ಮರಳಿಸಿದರೆ ಮೊದಲಿನಂತೆ ಏಳುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಯಂತ್ರ ಒಂದೆರಡು ತಿಂಗಳಿಗೆ ಅದೇ 7ಬಿ ಹೊತ್ತು ವಾಪಸ್ ಬಂದರೆ, ಎಸ್‌ಎಸ್‌ಡಿ ಬಿಚ್ಚುವ ಮುನ್ನ ಗಡಿಯಾರ ನೋಡಿ. ತಾರೀಖು ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ. ಪ್ಲಗ್ ಕಿತ್ತ ಕೂಡಲೇ ಬಯಾಸ್ ಎಲ್ಲ ಮರೆತು ಐಡಿಇಗೆ ಮರಳಿರುತ್ತದೆ, ವಿಂಡೋಸ್ ಮಾತ್ರ ಈಗ ಎಎಚ್‌ಸಿಐಗೆ ಒಗ್ಗಿದೆ. ಕೇಸ್ ಹೇಗೂ ತೆರೆದಿರುವಾಗಲೇ ಬ್ಯಾಟರಿ ಬದಲಿಸುವುದು ಲೇಸು. ಬದಲಿಸಿದ ಕೂಡಲೇ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಬ್ಯಾಟರಿ ಮೊದಲು, ಎಎಚ್‌ಸಿಐ ಆಮೇಲೆ.