ಫೀಸು ಮಾಫಿ, ಆದರೆ ಹೋಗೋದು ಹೇಗೆ?

ಮಂಗಳವಾರ, ಗುರುವಾರ ಮಧ್ಯಾಹ್ನ ಒಂದೂವರೆಗೆ ಮಗನ ಹೈಸ್ಕೂಲ್ ಮುಂದೆ ನನ್ನ ಕಾರು ನಿಂತಿರುತ್ತದೆ. ಮಗ ಮುಂದೆ ಕೂರುತ್ತಾನೆ, ಅವನ ಗೆಳೆಯ ಹಿಂದೆ. ಅಲ್ಲಿಂದ ಕಮ್ಯುನಿಟಿ ಕಾಲೇಜಿಗೆ, ಅಂದರೆ ಎರಡು ವರ್ಷದ ಕೋರ್ಸುಗಳಿರುವ ಸರ್ಕಾರಿ ಕಾಲೇಜಿಗೆ, 14 ಮೈಲಿ. ಇಬ್ಬರೂ ಹನ್ನೊಂದನೇ ಕ್ಲಾಸು. ಇಬ್ಬರೂ ಅಲ್ಲಿ ಏಸಿ ರಿಪೇರಿ ಕಲಿಯುತ್ತಿದ್ದಾರೆ. ನಾವಿರುವುದು ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್ ಹತ್ತಿರ. ಆಗಸ್ಟ್‌ನಲ್ಲಿ ಏಸಿ ಕೆಟ್ಟರೆ ಮನೆಯೊಳಗೆ ಕೂರಲು ಆಗುವುದಿಲ್ಲ. ಈ ಕೆಲಸ ಗೊತ್ತಿದ್ದವರಿಗೆ ಇಲ್ಲಿ ಅನ್ನಕ್ಕೆ ಕೊರತೆಯಿಲ್ಲ.

ಇದನ್ನು ಡ್ಯುಯಲ್ ಕ್ರೆಡಿಟ್ ಅನ್ನುತ್ತಾರೆ. ಓದುವುದು ಒಂದೇ ಪಾಠ. ಅದು ಹೈಸ್ಕೂಲ್ ಲೆಕ್ಕಕ್ಕೂ ಬರುತ್ತದೆ, ಕಾಲೇಜ್ ಲೆಕ್ಕಕ್ಕೂ ಬರುತ್ತದೆ. ಹಾಸನದಲ್ಲಿ ನಮ್ಮಣ್ಣ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಫಿಟ್ಟರ್ ಸೇರಿದ್ದ. ಮುಂದೆ ಬಿ.ಕಾಂ ಓದುವ ಆಸೆಯಾಯಿತು. ಆಗ ಆ ಎರಡು ವರ್ಷ ಲೆಕ್ಕಕ್ಕೇ ಬರಲಿಲ್ಲ. ಹಗಲು ಕೆಲಸ ಮಾಡಿ, ರಾತ್ರಿ ಓದಿ, ಪಿಯುಸಿ ಪರೀಕ್ಷೆ ಕಟ್ಟಿದ. ಅದನ್ನು ಕಣ್ಣಾರೆ ನೋಡಿದವಳು ನಾನು. ಕೈಕೆಲಸ ಕಲಿತರೂ ಓದಿನ ದಾರಿ ಮುಚ್ಚುವುದಿಲ್ಲ ಅಂದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ?

ಟೆಕ್ಸಾಸ್ ಸರ್ಕಾರ ಇದಕ್ಕೆ ಒಳ್ಳೆಯ ಕೆಲಸ ಮಾಡಿದೆ. 2015ರ ಒಂದು ಕಾನೂನು, ಇಂಥ ಕೋರ್ಸುಗಳನ್ನು ಇಷ್ಟೇ ತೆಗೆದುಕೊಳ್ಳಬೇಕು ಅನ್ನುವ ಮಿತಿಯನ್ನು ತೆಗೆಯಿತು. 2023ರಲ್ಲಿ ಹೌಸ್ ಬಿಲ್ 8 ಅನ್ನುವ ಕಾನೂನು ಬಂತು, ಅದರ ಜೊತೆಗೆ ಫಾಸ್ಟ್ ಅನ್ನುವ ಯೋಜನೆ. ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳಿಗೆ, ಯೋಜನೆಗೆ ಸೇರಿದ ಕಾಲೇಜುಗಳಲ್ಲಿ ಡ್ಯುಯಲ್ ಕ್ರೆಡಿಟ್ ಫೀಸು ಪೂರ್ತಿ ಮಾಫಿ.

ಮಗನ ಗೆಳೆಯನಿಗೂ ಹಾಗೇ ಮಾಫಿ ಆಯಿತು. ಆದರೆ ಕಾಲೇಜಿಗೆ ಬಸ್ಸಿಲ್ಲ. ಅವನ ಅಮ್ಮ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಾರೆ, ಮನೆಯಲ್ಲಿ ಕಾರು ಒಂದೇ. ಫೆಬ್ರವರಿಯಲ್ಲಿ ನನಗೆ ಜ್ವರ ಬಂತು. ನನ್ನ ಗಂಡ ರಜೆ ಹಾಕಿ ಒಂದು ದಿನ ಬಿಟ್ಟುಬಂದರು, ಇನ್ನೊಂದು ದಿನ ಆಗಲಿಲ್ಲ. ಅವತ್ತು ಲ್ಯಾಬಿನಲ್ಲಿ ಹಳೇ ಯೂನಿಟ್‌ನಿಂದ ಗ್ಯಾಸ್ ತೆಗೆಯುವುದನ್ನು ಕಲಿಸಿದರು. ಇಲ್ಲಿ ಆ ಗ್ಯಾಸ್ ಮುಟ್ಟಬೇಕಾದರೆ ಕೇಂದ್ರ ಸರ್ಕಾರದ 608 ಸರ್ಟಿಫಿಕೇಟ್ ಬೇಕು. ಅದಕ್ಕಾಗಿ ಇಬ್ಬರೂ ನಮ್ಮ ಅಡುಗೆಮನೆ ಟೇಬಲ್ ಮೇಲೆ ಓದುತ್ತಾರೆ. "ಪುಸ್ತಕದಲ್ಲಿ ಓದಿದ್ದೇನೆ ಆಂಟಿ, ಕೈಯಲ್ಲಿ ಮಾಡಿಲ್ಲ," ಅಂದ ಆ ಹುಡುಗ. ಎರಡು ದಿನ ನನಗೆ ಅದೇ ಯೋಚನೆ.

ನಮ್ಮ ಕಾರಿನಲ್ಲಿ ಜಾಗವಿದ್ದದ್ದಕ್ಕೆ ಅವನು ಹೋದ. ಜಾಗ ಸಿಗದ ಮಕ್ಕಳು ಎಷ್ಟಿರಬಹುದು, ಅಲ್ವಾ? ಇಲ್ಲಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡ್‌ನ ಮುಂದಿನ ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೇನೆ. ಕೇಳುವುದು ಒಂದೇ ಒಂದು ಬಸ್ಸು. ವಾರಕ್ಕೆ ಎರಡು ದಿನ, ಮಧ್ಯಾಹ್ನ ಒಂದೂವರೆಗೆ.