ಗುರುತು ಹತ್ತದ ಬೆರಳು

ವಿಜಯಪುರದಲ್ಲಿ ನಾನು ಮೋಟರ್ ರಿವೈಂಡಿಂಗ್ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು, ಬೋರ್‌ವೆಲ್ ನೀರೂ ಇಳಿದು, ಸುಟ್ಟ ಮೋಟರುಗಳು ಅಂಗಡಿ ಮುಂದೆ ಸಾಲಾಗಿ ಮಲಗಿರುತ್ತವೆ. ದ್ರಾಕ್ಷಿ ತೋಟದವರು ಪಕ್ಕದಲ್ಲೇ ನಿಂತಿರುತ್ತಾರೆ, ಇವತ್ತೇ ಬೇಕು ಅಂತ. ಕೈಗೆ ಬಿಡುವೇ ಇರುವುದಿಲ್ಲ. ಕಿವಿಗೆ ಮಾತ್ರ ಬಿಡುವಿದೆ. ತಂತಿಯ ಸುತ್ತು ಎಣಿಸುವಾಗ ಏನನ್ನೂ ಕೇಳುವ ಹಾಗಿಲ್ಲ, ಲೆಕ್ಕ ತಪ್ಪಿದರೆ ಆ ಕಾಯಿಲ್ ಹಾಳು. ಆದರೆ ಕಾಯಿಲ್‌ಗಳನ್ನು ಸ್ಲಾಟಿಗೆ ಇಳಿಸುವ ಕೆಲಸಕ್ಕೆ ಬೆರಳು ಸಾಕು. ಆ ಹೊತ್ತಿನಲ್ಲಿ ಆರು ವರ್ಷದಿಂದ ಆಡಿಯೊಬುಕ್ ಕೇಳುತ್ತಿದ್ದೇನೆ.

ಇದು ನಮ್ಮ ಮನೆಗೆ ಹೊಸದಲ್ಲ. ನಮ್ಮೂರು ಇಳಕಲ್. ಅಪ್ಪ ಮಗ್ಗದ ಪಕ್ಕದ ಗೂಡಿನಲ್ಲಿ ರೇಡಿಯೊ ಇಟ್ಟು, ಧಾರವಾಡ ಆಕಾಶವಾಣಿ ಕೇಳುತ್ತ ಸೀರೆ ನೇಯುತ್ತಿದ್ದ. ಲಾಳಿಯ ಸದ್ದಿನ ನಡುವೆಯೇ ಅವನಿಗೆ ವಾರ್ತೆಯೂ ತಿಳಿಯುತ್ತಿತ್ತು, ನಾಟಕವೂ ತಿಳಿಯುತ್ತಿತ್ತು. ಅವನು ತೀರಿಕೊಂಡು ಮೂರು ವರ್ಷವಾಯಿತು. ಅವ್ವ ಅಲ್ಲೇ ಒಬ್ಬಳೇ ಇದ್ದಾಳೆ.

ನಾನು ಹೆಚ್ಚಾಗಿ ಕೇಳುವುದು ಎರಡು ಜಾತಿಯ ಪುಸ್ತಕ. ಒಂದು, ಡಿಸ್ಟೋಪಿಯಾ ಅನ್ನುತ್ತಾರಲ್ಲ, ಕೆಟ್ಟ ನಾಳೆಯ ಕಾದಂಬರಿಗಳು. ಇನ್ನೊಂದು, ತಂತ್ರಜ್ಞಾನ ಈಗ ನಮ್ಮನ್ನು ಏನು ಮಾಡುತ್ತಿದೆ ಅಂತ ಹೇಳುವ ಪುಸ್ತಕಗಳು, ಕತೆ ಅಲ್ಲದವು. ಕಾದಂಬರಿ ಕೆಲಸದ ನಡುವೆ ಚೆನ್ನಾಗಿ ಕಿವಿಗಿಳಿಯುತ್ತದೆ. ಓದುವವರು ಅವಸರ ಮಾಡಬಾರದು, ನಾಟಕವನ್ನೂ ಆಡಬಾರದು, ಅಷ್ಟೇ. ಕತೆ ಅಲ್ಲದ ಪುಸ್ತಕಕ್ಕೆ ಬಸ್ಸಿನ ಸೀಟೇ ಬೇಕು. ಕಣ್ಣಿಗೆ ಸಿಕ್ಕ ಅಂಕಿ ನಿಲ್ಲುತ್ತದೆ, ಕಿವಿಗೆ ಬಿದ್ದ ಅಂಕಿ ಸೋರಿ ಹೋಗುತ್ತದೆ. ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕು.

ಮೊದಲು ಕೇಳಿದ್ದು ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ '1984'. ಅದರಲ್ಲಿ ಮನೆಯ ಗೋಡೆಯ ಮೇಲೊಂದು ಪರದೆ. ಅದು ತೋರಿಸುತ್ತದೆ, ನೋಡುತ್ತದೆ, ಕೇಳಿಸಿಕೊಳ್ಳುತ್ತದೆ. ತೀರಾ ಮೆಲ್ಲಗೆ ಪಿಸುಗುಟ್ಟಿದರೆ ಮಾತ್ರ ಅದಕ್ಕೆ ಸಿಗುವುದಿಲ್ಲ. ಅದನ್ನು ಕೇಳುತ್ತಿದ್ದ ವಾರ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಗೋಲಗುಮ್ಮಟ ಹತ್ತಿದ್ದೆ. ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬ ಹುಡುಗ ಗೋಡೆಗೆ ಬಾಯಿಟ್ಟು ಏನೋ ಅಂದ. ಆಚೆ ದಡದಲ್ಲಿ ನನ್ನ ಕಿವಿ ಪಕ್ಕದಲ್ಲೇ ಅಂದ ಹಾಗೆ ಕೇಳಿಸಿತು. ಚಿಕ್ಕಂದಿನಿಂದ ಖುಷಿ ಕೊಟ್ಟ ಜಾಗ ಅದು. ಅವತ್ತು ಮೈ ಜುಂ ಅಂದಿತು. ಇಲ್ಲಿ ಪಿಸುಮಾತಿಗೂ ಮರೆ ಇಲ್ಲವಲ್ಲ ಅನ್ನಿಸಿತು.

ಆಮೇಲೆ ಶೊಶಾನಾ ಜುಬಾಫ್ ಅವರ 2019ರ ದೊಡ್ಡ ಪುಸ್ತಕ ಕೇಳಿದೆ. ಇಪ್ಪತ್ತು ತಾಸಿಗೂ ಜಾಸ್ತಿ ಇದೆ. ನಾವು ಏನು ಹುಡುಕಿದೆವು, ಎಲ್ಲಿ ನಿಂತೆವು, ಯಾವುದರ ಮೇಲೆ ಬೆರಳಿಟ್ಟೆವು, ಎಲ್ಲವನ್ನೂ ಕೂಡಿಸಿ, ಮುಂದೆ ನಾವು ಏನು ಮಾಡುತ್ತೇವೆ ಅನ್ನುವ ಊಹೆಯನ್ನೇ ಮಾರುವ ವ್ಯಾಪಾರದ ಬಗ್ಗೆ ಅದು. ಅವರೇ ಕಟ್ಟಿದ ಹೊಸ ಪದಗಳು ಜಾಸ್ತಿ, ಕಿವಿಗೆ ಭಾರ. ಆದರೂ ಬಿಡಲಿಲ್ಲ. ಆರ್ವೆಲ್ ಹೇಳಿದ್ದಕ್ಕೂ ಇವರು ಹೇಳಿದ್ದಕ್ಕೂ ಎಪ್ಪತ್ತು ವರ್ಷದ ಅಂತರ. ಭಯ ಮಾತ್ರ ಒಂದೇ: ನಮ್ಮನ್ನು ನೋಡುತ್ತಿರುವವರಿಗೆ ನಾವು ಬೇಕಾದ್ದಕ್ಕಿಂತ ಹೆಚ್ಚು ಗೊತ್ತು. ನಾನೂ ಆ ಭಯವನ್ನೇ ಇಟ್ಟುಕೊಂಡಿದ್ದೆ. ಕಳೆದ ಜೂನಿನ ಒಂದು ಗುರುವಾರದ ತನಕ.

ಬುಧವಾರ ರಾತ್ರಿ ಪಕ್ಕದ ಮನೆಯ ಕಾಕಾ ಫೋನ್ ಮಾಡಿದರು. "ತಮ್ಮಾ, ನಿಮ್ಮವ್ವಗ ಎರಡು ತಿಂಗಳಾತು ರೇಶನ್ ಸಿಕ್ಕಿಲ್ಲ. ಮಷೀನು ಹೆಬ್ಬಟ್ಟು ತಗೊಳ್ಳವಲ್ದು. ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ನಾನು ದಿನಾ ರಾತ್ರಿ ವಿಡಿಯೊ ಕಾಲ್ ಮಾಡುತ್ತೇನೆ. ದಿನಾ ಅವಳ ಮುಖ ನೋಡುತ್ತೇನೆ. "ಎಲ್ಲಾ ಚಲೋ ಐತಿ" ಅನ್ನುತ್ತಾಳೆ. ನಾನೂ ನಂಬಿ ಇಡುತ್ತೇನೆ.

ಬೆಳಿಗ್ಗೆ ಆರರ ಬಸ್ಸು ಹಿಡಿದೆ. ಇಳಕಲ್ಲಿಗೆ ಮೂರು ತಾಸಿನ ದಾರಿ. ಕಿವಿಗೆ ಹಾಕಿಕೊಂಡದ್ದು ಒಂದು ಸಣ್ಣ ಕತೆ, ಇ.ಎಂ. ಫಾರ್ಸ್ಟರ್ ಬರೆದ 'ದ ಮಷೀನ್ ಸ್ಟಾಪ್ಸ್'. ಚಿಕ್ಕದಿದೆ ಅಂತ ಆರಿಸಿಕೊಂಡೆ, ಬೇರೆ ಕಾರಣವಿರಲಿಲ್ಲ. ಅದು ಬಂದದ್ದು 1909ರಲ್ಲಿ. ಟಿವಿ ಇರಲಿಲ್ಲ, ಮನೆಮನೆಗೆ ರೇಡಿಯೊ ಕೂಡ ಬಂದಿರಲಿಲ್ಲ. ಅಂಥ ಕಾಲದಲ್ಲಿ ಆತ ಬರೆದದ್ದು ಇದು. ಜನ ನೆಲದೊಳಗೆ, ಜೇನುಗೂಡಿನ ಕೋಣೆಯಂಥ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಊಟ, ಗಾಳಿ, ಹಾಸಿಗೆ ಎಲ್ಲವನ್ನೂ ಯಂತ್ರವೇ ಕೊಡುತ್ತದೆ. ಮಾತೆಲ್ಲ ಒಂದು ದುಂಡನೆಯ ತಟ್ಟೆಯ ಮೂಲಕ. ಒಬ್ಬ ತಾಯಿ ಇದ್ದಾಳೆ, ಭೂಮಿಯ ಇನ್ನೊಂದು ಬದಿಯಲ್ಲಿ ಅವಳ ಮಗ. ಒಂದು ದಿನ ಮಗ ಹೇಳುತ್ತಾನೆ, ಈ ತಟ್ಟೆಯಲ್ಲಿ ನಿನ್ನ ಹಾಗೆ ಏನೋ ಕಾಣುತ್ತದೆ, ನೀನು ಕಾಣುವುದಿಲ್ಲ, ನೀನೇ ಇಲ್ಲಿಗೆ ಬಾ.

ಬಸ್ಸಿನಲ್ಲಿ ಪಕ್ಕದವರು ಏನಾಯಿತು ಅಂತ ಕೇಳಿದರು. ಏನಿಲ್ಲ ಅಂದೆ. ಕಣ್ಣಲ್ಲಿ ನೀರು ಬಂದಿತ್ತು.

ನಿಡಗುಂದಿ ಬರುವ ಹೊತ್ತಿಗೆ ಕತೆ ಮುಗಿಯಿತು. ಕೃಷ್ಣೆಯ ಸೇತುವೆ ದಾಟುವಾಗ ಸುಮ್ನೆ ಕಿಟಕಿಯಾಚೆ ನೋಡುತ್ತ ಕೂತೆ. ಮಳೆಗಾಲದ ನೀರು ಇನ್ನೂ ಬಂದಿರಲಿಲ್ಲ. ಕೂಡಲಸಂಗಮ ಕ್ರಾಸ್ ದಾಟಿದ ಮೇಲೆ ಅರ್ಧಕ್ಕೆ ಬಿಟ್ಟಿದ್ದ ಇನ್ನೊಂದು ಪುಸ್ತಕ ಹಚ್ಚಿದೆ. ವರ್ಜೀನಿಯಾ ಯೂಬ್ಯಾಂಕ್ಸ್ ಅವರ 'ಆಟೊಮೇಟಿಂಗ್ ಇನ್‌ಈಕ್ವಾಲಿಟಿ', 2018ರದ್ದು. ಅಮೆರಿಕದ ಇಂಡಿಯಾನಾ ರಾಜ್ಯದ ಕತೆ ನಡೆಯುತ್ತಿತ್ತು. ಅಲ್ಲ, ಕತೆ ಅಲ್ಲ, ನಡೆದದ್ದೇ. ಬಡವರಿಗೆ ಕೊಡುವ ಆಹಾರ, ಔಷಧ, ಹಣದ ನೆರವನ್ನು 2006ರಲ್ಲಿ ಅಲ್ಲಿನ ಸರ್ಕಾರ ಖಾಸಗಿಯವರ ಕೈಗೂ ಕಂಪ್ಯೂಟರಿಗೂ ಒಪ್ಪಿಸಿತು. ಮೊದಲು ಒಬ್ಬೊಬ್ಬ ಬಡವನಿಗೂ ಅವನ ಪರಿಚಯವಿದ್ದ ಒಬ್ಬ ನೌಕರ ಇರುತ್ತಿದ್ದ. ಆಮೇಲೆ ಕಾಲ್ ಸೆಂಟರ್ ಬಂತು. ಒಂದು ಸಹಿ ಬಿಟ್ಟುಹೋಗಿರಲಿ, ಒಂದು ಫೋನ್ ತಪ್ಪಿರಲಿ, ಕಾಗದ ಅವರಲ್ಲೇ ಕಳೆದಿರಲಿ, ಮನೆಗೆ ಬರುವ ಪತ್ರ ಒಂದೇ: ನೀವು ಸಹಕರಿಸಲಿಲ್ಲ. ಮೂರು ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿ ತಿರಸ್ಕಾರವಾದವು. ಹಿಂದಿನ ಮೂರು ವರ್ಷಕ್ಕಿಂತ 54 ಶೇಕಡಾ ಜಾಸ್ತಿ. ಈ ಅಂಕಿ ಮಾತ್ರ ನನ್ನ ಕಿವಿಯಿಂದ ಸೋರಲಿಲ್ಲ. ಹುನಗುಂದ ದಾಟುತ್ತಿದ್ದೆ, ಇನ್ನೊಂದು ಸ್ವಲ್ಪ ಹೊತ್ತಿಗೆ ಅವ್ವನ ಮನೆ.

ಅವ್ವ ಬಾಗಿಲಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಕೆಲಸ ಬಿಟ್ಟು ಯಾಕ ಬಂದ್ಯೋ?" ಎರಡನೆಯದು, "ರೊಟ್ಟಿ ತಿಂತಿಯೇನು?"

ರೊಟ್ಟಿ ತಿಂದು ನ್ಯಾಯಬೆಲೆ ಅಂಗಡಿಗೆ ಹೋದೆವು. ಅಂಗಡಿಯವರು ಒಳ್ಳೆಯವರು, ಇದನ್ನು ಹೇಳಲೇಬೇಕು. ಅವ್ವನನ್ನು ಮೂವತ್ತು ವರ್ಷದಿಂದ ಬಲ್ಲರು. ನನ್ನ ಮದುವೆಯಲ್ಲಿ ಊಟಕ್ಕೆ ಬಡಿಸಿದ್ದಾರೆ. "ಯವ್ವಾ, ಜರಾ ಒತ್ತಿ ಹಿಡಿ ಬೇ" ಅಂದರು. ಅವ್ವ ಒತ್ತಿ ಹಿಡಿದಳು. ಯಂತ್ರ ಒಂದು ಸದ್ದು ಮಾಡಿತು, ಕೆಂಪು ಬೆಳಕು ತೋರಿಸಿತು. ಮತ್ತೊಮ್ಮೆ ಹಿಡಿದಳು, ಮತ್ತೂ ಒಮ್ಮೆ. ಸೆರಗಿನಿಂದ ಒರೆಸಿ ಒತ್ತಿಸಿದರು. ನೆತ್ತಿಯ ಎಣ್ಣೆಗೆ ತಿಕ್ಕಿ ಒತ್ತಿಸಿದರು. ಒಟಿಪಿ ಕಳಿಸೋಣ ಅಂದರೆ ಅದರಲ್ಲಿದ್ದದ್ದು ಅಪ್ಪನ ನಂಬರು. ಆ ಸಿಮ್ ಬಂದಾಗಿ ಮೂರು ವರ್ಷ. ಹಿಂದೆ ಹನ್ನೆರಡು ಜನ ಚೀಲ ಹಿಡಿದು ನಿಂತಿದ್ದರು. ಯಾರೂ ಬೈಯಲಿಲ್ಲ. ಆದರೆ ಅವ್ವ ತಲೆ ತಗ್ಗಿಸಿದಳು, ತಾನೇ ಏನೋ ತಪ್ಪು ಮಾಡಿದ ಹಾಗೆ. ನನಗೆ ತಡೆದುಕೊಳ್ಳಲು ಆಗಲಿಲ್ಲ.

ಆಗ ಅವಳ ಕೈ ಹಿಡಿದು ನೋಡಿದೆ. ಎಷ್ಟೋ ವರ್ಷದ ಮೇಲೆ ಸರಿಯಾಗಿ ನೋಡಿದ್ದು. ಹೆಬ್ಬೆರಳು, ತೋರುಬೆರಳು ಎರಡೂ ನುಣ್ಣಗೆ ಆಗಿದ್ದವು. ಗೆರೆಯೇ ಇಲ್ಲ.

ಇಳಕಲ್ ಸೀರೆ ಬಲ್ಲವರಿಗೆ ಕೊಂಡಿ ಗೊತ್ತಿರುತ್ತದೆ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಒಡಲಿನ ಎಳೆಯನ್ನು ಸೆರಗಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಒಂದು ಸೀರೆಗೆ ಸಾವಿರಾರು ಎಳೆ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಎಳೆ ಹಿಡಿದು ಹೊಸೆಯುವ ಕೆಲಸ. ಅಪ್ಪ ನೇಯ್ದ ಸೀರೆಗಳಿಗೆಲ್ಲ ನಲವತ್ತು ವರ್ಷ ಕೊಂಡಿ ಹಾಕಿದವಳು ಅವ್ವ. ಆ ಗೆರೆಗಳು ಆ ಸೀರೆಗಳಲ್ಲಿ ಸವೆದು ಹೋಗಿವೆ. ಬೆರಳು ದುಡಿದದ್ದಕ್ಕೇ ಬೆರಳಿನ ಗುರುತು ಹೋಯಿತು.

ಕೊನೆಗೆ ಎಡಗೈಯ ಕಿರುಬೆರಳು ಕೂಡಿತು. ಹಸಿರು ಬೆಳಕು ಬಂತು. ಅಂಗಡಿಯವರು ನನಗಿಂತ ಜಾಸ್ತಿ ಖುಷಿಪಟ್ಟರು. ಆ ತಿಂಗಳಿನ ಅಕ್ಕಿ ಸಿಕ್ಕಿತು. ಹೋದ ಎರಡು ತಿಂಗಳಿನದು ಹೋಯಿತು.

ವಾಪಸ್ ಬರುವಾಗ ಅವ್ವ ಅಂದಳು, "ಅವಗ ನಾ ಗೊತ್ತು. ಮಷೀನಿಗೆ ಗೊತ್ತಿಲ್ಲ. ಆದ್ರ ಅಕ್ಕಿ ಕೊಡಾಂವ ಈಗ ಮಷೀನಲ್ಲೇನು?"

ನಾನು ಕೇಳಿದ ಎಲ್ಲ ಕಾದಂಬರಿಗಳಲ್ಲಿ ಈ ಮಾತು ಸಿಕ್ಕಿರಲಿಲ್ಲ. ಕಾದಂಬರಿಕಾರರು ನೋಡುವ ಕಣ್ಣಿಗೆ ಹೆದರಿದರು. ಆ ಭಯ ಸುಳ್ಳು ಅನ್ನುವುದಿಲ್ಲ. ಆದರೆ ನನ್ನ ಅವ್ವನಂಥವರಿಗೆ ಅದಕ್ಕಿಂತ ದೊಡ್ಡ ಭಯ, ಎದುರಿಗೆ ನಿಂತರೂ ಗುರುತು ಹಿಡಿಯದ ಯಂತ್ರ. ಅದು ಇವಳನ್ನು ಹಿಂಬಾಲಿಸುವುದಿಲ್ಲ, ಸುಮ್ನೆ ಇಲ್ಲ ಅನ್ನುತ್ತದೆ. ಕೆಡುಕು ಮಾಡುವ ದೊರೆಯೂ ಇಲ್ಲ, ಪೊಲೀಸರೂ ಇಲ್ಲ. ಒಳ್ಳೆಯ ಅಂಗಡಿಯವರು, ಒಳ್ಳೆಯ ನೆರೆಯವರು, ಆದರೂ ಎರಡು ತಿಂಗಳ ಅಕ್ಕಿ ಇಲ್ಲ. ಇದನ್ನು ಹೇಳಿದ್ದು ಯೂಬ್ಯಾಂಕ್ಸ್ ಅವರಂಥವರು, ಊರೂರು ತಿರುಗಿ, ಜನರ ಅಡುಗೆಮನೆಯಲ್ಲಿ ಕೂತು ಕೇಳಿದವರು. ಅದಕ್ಕೇ ಈಗ ಯಾರಾದರೂ ಯಾವುದನ್ನು ಮೊದಲು ಕೇಳಲಿ ಅಂದರೆ ನಾನು ಆ ಪುಸ್ತಕ ಹೇಳುತ್ತೇನೆ. ಕಾದಂಬರಿ ಆಮೇಲೆ ಕೇಳಿ. ಆದರೆ ಬಿಡಬೇಡಿ. ಫಾರ್ಸ್ಟರನ ಕತೆ ಕೇಳದೆ ಹೋಗಿದ್ದರೆ ನಾನು ಅವತ್ತು ಅಂಗಡಿ ಕೆಲಸ ಮುಗಿಸಿ, ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದೆನೇನೋ. ಅವತ್ತು ಉಳಿದೆ.

ಮಧ್ಯಾಹ್ನ ಅವ್ವ ಮತ್ತೆ ಕಂಡಿಕೆ ಸುತ್ತಲು ಕೂತಳು. "ಅದೇನ್ ಯಾವಾಗ್ಲೂ ಕಿವ್ಯಾಗ ಹಾಕ್ಕೊಂಡಿರ್ತಿ, ನನಗೂ ಹೇಳಲಾ" ಅಂದಳು. ಬ್ರಯನ್ ಮರ್ಚೆಂಟ್ ಅವರ 2023ರ 'ಬ್ಲಡ್ ಇನ್ ದ ಮಷೀನ್' ನೆನಪಾಯಿತು. ಲಡ್ಡೈಟರ, ಅಂದರೆ ಹಿಂದೆ ಇಂಗ್ಲೆಂಡಿನಲ್ಲಿ ಯಂತ್ರ ಒಡೆದ ಕೆಲಸಗಾರರ ಪುಸ್ತಕ ಅದು, ನೇಕಾರರಿಗೆ ಹೇಳಲೇಬೇಕಾದ್ದು. ನನಗೆ ತಿಳಿದ ಹಾಗೆ ಹೇಳಿದೆ. 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸುತ್ತಮುತ್ತ ಕಾಲುಚೀಲ ಹೆಣೆಯುವವರು ರಾತ್ರಿ ಸುತ್ತಿಗೆ ಹಿಡಿದು ಯಂತ್ರ ಒಡೆದರು. ಮರುವರ್ಷ ಸರ್ಕಾರ, ಯಂತ್ರ ಒಡೆದರೆ ಗಲ್ಲು ಅಂತ ಕಾಯ್ದೆ ತಂದಿತು. ಕವಿ ಬೈರನ್ ಸಂಸತ್ತಿನಲ್ಲಿ ಎದ್ದು ನಿಂತು ನೇಕಾರರ ಪರವಾಗಿ ಮಾತಾಡಿದ. ಆದರೂ 1813ರಲ್ಲಿ ಯಾರ್ಕ್ ಊರಿನಲ್ಲಿ 17 ಜನರನ್ನು ಗಲ್ಲಿಗೆ ಹಾಕಿದರು.

ಅವ್ವನ ರಾಟೆ ನಿಂತಿತ್ತು. "ಎಲ್ಲಾ ಮಷೀನು ಒಡದ್ರೇನು?"

"ಇಲ್ಲಬೇ. ಮಜೂರಿ ಇಳಿಸಿದ ಮಾಲಕರದಷ್ಟ. ಕೆಟ್ಟ ಮಾಲು ಮಾಡಿ ಒಳ್ಳೇದು ಅಂತ ಮಾರೋರದಷ್ಟ. ಸರಿ ಇದ್ದವ್ರದು ಮುಟ್ಟಲಿಲ್ಲ."

"ಹಂಗಂದ್ರ ಶಾಣ್ಯಾ ಮಂದಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪನೂ ಪವರ್‌ಲೂಮಿಗೆ ಬೈದಾಂವಲ್ಲ. ಕೊಂಡಿ ಇಲ್ಲದ ಸೀರಿಗೆ ಇಳಕಲ್ ಸೀರಿ ಅಂತ ಹೆಸರು ಹಚ್ಚಿ ಮಾರೋರಿಗೆ ಬೈತಿದ್ದ."

ಲಡ್ಡೈಟ್ ಅಂದರೆ ಹೊಸದಕ್ಕೆ ಹೆದರುವ ದಡ್ಡ ಅಂತ ಈಗಲೂ ಬೈಗುಳದ ಹಾಗೆ ಅನ್ನುತ್ತಾರೆ. ಆ ಪುಸ್ತಕ ತಾಸುಗಟ್ಟಲೆ ಕೂತು ಬಿಡಿಸಿ ಹೇಳಿದ್ದನ್ನು ಅವ್ವ ಎರಡು ಮಾತಿನಲ್ಲಿ ಹಿಡಿದಳು. ಯಂತ್ರ ಕೆಟ್ಟದ್ದಲ್ಲ, ಅದರ ಹೆಸರಿನಲ್ಲಿ ಯಾರು ಯಾರ ಪಾಲು ಕಿತ್ತುಕೊಳ್ಳುತ್ತಾರೆ ಅನ್ನುವುದು ಪ್ರಶ್ನೆ. ನಾನು ಮೋಟರಿಗೆ ತಾಮ್ರದ ತಂತಿ ಸುತ್ತಿ ಹೊಟ್ಟೆ ಹೊರೆಯುವವನು, ಯಂತ್ರವನ್ನು ಬೈಯಲಾರೆ. ಆದರೆ ಕೈಯಲ್ಲಿ ಬರೆದುಕೊಂಡು ಅಕ್ಕಿ ಅಳೆದು ಕೊಡುವ ಅಧಿಕಾರ ಆ ಅಂಗಡಿಯವರಿಗೆ ಇರಬೇಕಿತ್ತು. ಮೂವತ್ತು ವರ್ಷದ ಗುರುತಿಗೆ ಒಂದು ಬೆಲೆ ಇರಬೇಕಿತ್ತು. ಮರುದಿನ ಅರ್ಜಿ ಬರೆದು, ಅಪ್ಪನ ನಂಬರು ತೆಗೆದು ನನ್ನದು ಹಾಕಿ ಅಂತ ಕೊಟ್ಟು ಬಂದೆ.

ರಾತ್ರಿ ಅಂಗಳದಲ್ಲಿ ಹಾಸಿಕೊಂಡು, ಬಸ್ಸಿನಲ್ಲಿ ಕೇಳಿದ ಕತೆಯನ್ನೂ ಹೇಳಿದೆ. ಜೇನುಗೂಡಿನ ಕೋಣೆ, ದುಂಡು ತಟ್ಟೆ, ದೂರದ ಮಗ. ಅವ್ವ ಹೂಂಗುಟ್ಟುತ್ತ ಕೇಳಿದಳು. ಅವಳಿಗೆ ಯಂತ್ರದ್ದು ಬೇಕಿರಲಿಲ್ಲ.

"ಆಮ್ಯಾಲ? ಮಗನ ಕಡೆ ಹೋದ್ಲೋ ಇಲ್ಲೋ?"

"ಹೋದ್ಲು. ವಿಮಾನದಂಥದ್ದು ಒಂದು ಇತ್ತು. ಎರಡು ದಿನದ ದಾರಿ."

"ಎರಡು ದಿನ" ಅಂದಳು ಅವ್ವ. ಎಡಗೈ ಎತ್ತಿ ಬೆಳದಿಂಗಳಿಗೆ ಹಿಡಿದು ಕಿರುಬೆರಳು ನೋಡಿಕೊಂಡಳು. "ಮುಂದಿನ ತಿಂಗಳ ಹತ್ತರ ಸುಮಾರಿಗೆ ರೇಶನ್ ಬರ್ತೈತಿ. ಇದು ಕೂಡ್ತೈತೋ ಇಲ್ಲೋ. ನೀ ಬಂದ್ರ ಛಲೋ."