ಪಿಸಿಡಿ 125, ಅಳತೆಗೆ 124

ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನ ಪ್ರೋಗ್ರಾಮಿಂಗ್ ಭಾಷೆಯಾದ ಆಟೋಲಿಸ್ಪ್‌ನಲ್ಲಿ (/ 125 2), ಅಂದರೆ 125 ಅನ್ನು 2ರಿಂದ ಭಾಗಿಸು, ಎಂದು ಬರೆದರೆ ಉತ್ತರ 62 ಬರುತ್ತದೆ. ಭಾಗಾಕಾರದ ಎರಡೂ ಸಂಖ್ಯೆಗಳು ಪೂರ್ಣಾಂಕಗಳಾಗಿದ್ದರೆ ಆ ಭಾಷೆ ಉಳಿದ ಅರ್ಧವನ್ನು ಕೈಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎರಡರಲ್ಲಿ ಒಂದಕ್ಕಾದರೂ ದಶಮಾಂಶ ಚುಕ್ಕೆ ಇದ್ದು (/ 125 2.0) ಎಂದಾದರೆ 62.5 ಸಿಗುತ್ತದೆ. ಲಿಸ್ಪ್ ಬರೆಯುವವರೆಲ್ಲ ಕಲಿಕೆಯ ಮೊದಲ ದಿನಗಳಲ್ಲೇ ಓದಿಕೊಳ್ಳುವ ವಿಷಯವಿದು. ಹಾಗಿದ್ದೂ ಪುಣೆ ಬಳಿಯ ಚಿಂಚವಡದ ನಮ್ಮ ಡಿಸೈನ್ ಆಫೀಸಿನಿಂದ ತಪ್ಪು ಡಿಎಕ್ಸ್‌ಎಫ್ (ಲೇಸರ್ ಕಟಿಂಗ್‌ಗೆ ಕಳಿಸುವ ಡ್ರಾಯಿಂಗ್ ಫೈಲ್) ಹೊರಗೆ ಹೋಯಿತು, ತಿದ್ದಿದ್ದೇವೆಂದು ಹೇಳಿ ಕಳಿಸಿದ ಎರಡನೆಯ ಡಿಎಕ್ಸ್‌ಎಫ್ ಕೂಡ ಅದೇ ತಪ್ಪನ್ನು ಹೊತ್ತುಕೊಂಡು ಹೋಯಿತು. ಮೊದಲನೆಯದು ಕೋಡಿನ ದೋಷ. ಎರಡನೆಯದು ನಾನು ಪರೀಕ್ಷೆ ಮಾಡಿದ ರೀತಿಯ ದೋಷ, ಮತ್ತು ಇವತ್ತಿಗೂ ಮನಸ್ಸಿಗೆ ಚುಚ್ಚುವುದು ಆ ಎರಡನೆಯದೇ.

ನಮ್ಮಲ್ಲಿ ಪ್ಲೇಟ್ ಫ್ಲ್ಯಾಂಜ್ (ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ, ಹೋಲ್‌ಗಳಿರುವ ಚಪ್ಪಟೆ ಉಂಗುರ) ಬಿಡಿಸುವುದಕ್ಕೆ ಹಳೆಯದೊಂದು ಲಿಸ್ಪ್ ಪ್ರೋಗ್ರಾಂ ಇದೆ. ಕಮಾಂಡ್ ಕೊಟ್ಟರೆ ಅದು ಸೆಂಟರ್, ಓಡಿ (ಹೊರವ್ಯಾಸ), ಪಿಸಿಡಿ (ಹೋಲ್‌ಗಳ ಸೆಂಟರುಗಳ ಮೂಲಕ ಹಾಯುವ ವೃತ್ತದ ವ್ಯಾಸ), ಹೋಲ್‌ಗಳ ಸಂಖ್ಯೆ, ಹೋಲ್ ಸೈಜ್ ಎಲ್ಲವನ್ನೂ ಒಂದೊಂದಾಗಿ ಕೇಳಿ ಚಿತ್ರ ಬಿಡಿಸುತ್ತದೆ. ಬರೆದವರು ಕಂಪನಿ ಬಿಟ್ಟು ಬಹಳ ಕಾಲವಾಯಿತು, ಆದರೆ ಅವರ ಕೋಡು ಶಿಸ್ತಾಗಿತ್ತು ಮತ್ತು ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆರ್ಡರುಗಳು ಹೆಚ್ಚಾದಾಗ, ಒಂದೊಂದು ಸೈಜನ್ನೂ ಕೈಯಿಂದ ಬಿಡಿಸುವುದು ಸಾಕು, ಒಂದೇ ಕಮಾಂಡಿಗೆ ಎಲ್ಲ ಸೈಜಿನ ಡಿಎಕ್ಸ್‌ಎಫ್ ಬರಬೇಕು ಎಂದು ಮ್ಯಾನೇಜರ್ ಹೇಳಿದರು, ಮತ್ತು ಆ ಕೆಲಸ ನನ್ನ ಪಾಲಿಗೆ ಬಂತು. ಸ್ಟ್ಯಾಂಡರ್ಡ್ ಪುಸ್ತಕ ತೆರೆದಿಟ್ಟುಕೊಂಡು ಪಿಎನ್ 16 ಎಂಬ ಒತ್ತಡದ ದರ್ಜೆಯ ಅಳತೆಗಳನ್ನು ಲಿಸ್ಟ್ ಆಗಿ ಬರೆದೆ: ಡಿಎನ್ 50ಕ್ಕೆ (ಡಿಎನ್ ಎಂದರೆ ಪೈಪಿನ ಸೈಜ್) ಓಡಿ 165, ಪಿಸಿಡಿ 125, ನಾಲ್ಕು ಹೋಲ್, ಹೋಲ್ ಸೈಜ್ 18. ಪುಸ್ತಕದಲ್ಲಿ ಚುಕ್ಕೆ ಇರಲಿಲ್ಲ, ಆದ್ದರಿಂದ ನನ್ನ ಲಿಸ್ಟಿನಲ್ಲೂ ಚುಕ್ಕೆ ಬರಲಿಲ್ಲ. ಚಿತ್ರ ಬಿಡಿಸುವ ಭಾಗವನ್ನು ಹಳೆಯ ರೊಟೀನಿನಿಂದ ಹಾಗೆಯೇ ಎತ್ತಿ ಬೇರೆ ಫಂಕ್ಷನ್ ಮಾಡಿದೆ, ಪಿಸಿಡಿಯನ್ನು 2ರಿಂದ ಭಾಗಿಸುವ ಸಾಲೂ ಅದರ ಜೊತೆಗೇ ಬಂತು. ಮ್ಯಾನೇಜರ್ ಎದುರಿನಲ್ಲಿ ಡಿಎನ್ 80 ಮತ್ತು ಡಿಎನ್ 100 ಬಿಡಿಸಿ ತೋರಿಸಿದೆ. ಅವುಗಳ ಪಿಸಿಡಿ 160 ಮತ್ತು 180, ಎರಡೂ ಸಮಸಂಖ್ಯೆಗಳು. ಅರ್ಧ ಮಾಡಿದರೂ ಏನೂ ಕಳೆಯುವುದಿಲ್ಲ.

ಭೋಸರಿಯ ಲೇಸರ್ ಕಟಿಂಗ್ ಶಾಪಿನಿಂದ ಫೋನ್ ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಗುರುವಾರ ಅಲ್ಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಗೆ ವಾರದ ರಜೆ, ಆದ್ದರಿಂದ ಆಗಬೇಕಾದದ್ದೆಲ್ಲ ಆ ದಿನವೇ ಆಗಬೇಕಿತ್ತು. ಅಲ್ಲಿ ಕ್ಯುಸಿ (ಗುಣಮಟ್ಟದ ತಪಾಸಣೆ) ನೋಡುವವರು ಬೆಳಗಾವಿ ಕಡೆಯವರು, ನಮ್ಮ ಮಾತುಕತೆ ಯಾವಾಗಲೂ ಕನ್ನಡದಲ್ಲೇ. “ಸರ್, ನಿಮ್ಮ ಡಿಎನ್ ಐವತ್ತರ ಪಿಸಿಡಿ ನೂರಾ ಇಪ್ಪತ್ನಾಲ್ಕು ಬರಾಕತ್ತೈತಿ. ಡ್ರಾಯಿಂಗಿನ್ಯಾಗ ನೂರಾ ಇಪ್ಪತ್ತೈದು ಬರದೀರಿ. ಯಾವುದು ಖರೇ?” ಎಂದು ಕೇಳಿದರು. ಅವರು ಫಸ್ಟ್ ಪೀಸಿನ ಎದುರುಬದುರು ಹೋಲ್‌ಗಳ ಒಳ ಅಂಚಿನಿಂದ ಒಳ ಅಂಚಿಗೆ ವರ್ನಿಯರ್ ಹಿಡಿದಿದ್ದರು, 106 ಬಂದಿತ್ತು, ಒಂದು ಹೋಲಿನ 18 ಕೂಡಿಸಿದರೆ 124. ಸರಿಯಾಗಿದ್ದಿದ್ದರೆ ವರ್ನಿಯರ್ 107 ತೋರಿಸಬೇಕಿತ್ತು. ಉಳಿದ ಪ್ಲೇಟುಗಳನ್ನು ಅವರು ಹೋಲ್ಡ್ ಮಾಡಿಟ್ಟಿದ್ದರು. ಆ ಒಂದು ನಿರ್ಧಾರದಿಂದ ನಮಗೆ ಉಳಿದ ಹಣವನ್ನು ನಮ್ಮ ಆಫೀಸಿನಲ್ಲಿ ಯಾರೂ ಲೆಕ್ಕ ಹಾಕಿ ಅವರಿಗೆ ಧನ್ಯವಾದ ಹೇಳಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಲೇಸರಿನ ಕೆರ್ಫ್ (ಕತ್ತರಿಸುವ ಗೆರೆಯ ಅಗಲ) ಸೆಟ್ಟಿಂಗ್ ತಪ್ಪಿರಬೇಕು ಎಂದು ನಾನು ಅವರಿಗೇ ಹೇಳಿದೆ. ಅವರು ಸಮಾಧಾನದಿಂದಲೇ ಉತ್ತರಿಸಿದರು: “ಕೆರ್ಫ್ ಹೆಚ್ಚುಕಮ್ಮಿ ಆದ್ರ ಹೋಲ್ ಸೈಜ್ ಬದಲಾಗ್ತೈತ್ರಿ, ಸೆಂಟರ್ ಯಾಕ ಸರೀತೈತಿ? ಓಡಿ ನೋಡಿದ್ರ ಕರೆಕ್ಟ್ ನೂರಾ ಅರವತ್ತೈದು ಐತಿ.” ಆ ಮಾತಿಗೆ ಎದುರು ಹೇಳುವಂಥದ್ದು ಏನೂ ಇರಲಿಲ್ಲ. ಆದರೆ ಓಡಿ ಸರಿಯಿದೆ, ಹೋಲ್ ಸೈಜ್ ಸರಿಯಿದೆ ಎಂಬ ಆ ಮಾಹಿತಿಯೇ ನನ್ನ ಯೋಚನೆಯನ್ನು ಕೋಡಿನಿಂದ ಇನ್ನೂ ದೂರ ಒಯ್ದಿತು. ಓಡಿ 165 ಕೂಡ ಬೆಸಸಂಖ್ಯೆ, ಕೋಡಿನಲ್ಲಿ ತಪ್ಪಿದ್ದರೆ ಅದೂ ತಪ್ಪಬೇಕಿತ್ತಲ್ಲ ಎಂದುಕೊಂಡೆ. ಹೊರವೃತ್ತವನ್ನೂ ಹೋಲ್‌ಗಳನ್ನೂ ಸರ್ಕಲ್ ಕಮಾಂಡಿನ ಡಯಾಮೀಟರ್ ಆಯ್ಕೆಯಿಂದ ಬಿಡಿಸಲಾಗುತ್ತದೆ, ಎರಡರಿಂದ ಭಾಗಾಕಾರ ನಡೆಯುವುದು ಪಿಸಿಡಿಗೆ ಮಾತ್ರ ಎಂಬುದು ನನ್ನ ಕಣ್ಣೆದುರಿಗೇ ಇದ್ದ ಕೋಡು.

ಹಾಗಾದರೆ ತಪ್ಪಿಗೆ ಕಾರಣ ಆಟೋಕ್ಯಾಡಿನ ಓಸ್ನ್ಯಾಪ್ ಇರಬೇಕು ಎಂದು ತೀರ್ಮಾನಿಸಿದೆ. ಲಿಸ್ಪ್‌ನ ಕಮಾಂಡ್ ಫಂಕ್ಷನ್ ಮೂಲಕ ಬಿಂದು ಕೊಟ್ಟಾಗ ರನ್ನಿಂಗ್ ಓಸ್ನ್ಯಾಪ್ ಆನ್ ಇದ್ದರೆ ಆ ಬಿಂದು ಹತ್ತಿರದ ಇನ್ನೊಂದು ಬಿಂದುವಿಗೆ ಹೋಗಿ ಅಂಟಿಕೊಳ್ಳುವುದುಂಟು, ಪರದೆಯ ಝೂಮ್ ಎಷ್ಟಿದೆ ಎಂಬುದರ ಮೇಲೆ ಫಲಿತಾಂಶ ಬದಲಾಗುವುದೂ ಉಂಟು. ಈ ಕ್ಷೇತ್ರದಲ್ಲಿ ಜಾಗ ತಪ್ಪಿದ ಚಿತ್ರಕ್ಕೆ ಮೊದಲ ಆರೋಪಿ ಯಾವಾಗಲೂ ಅದೇ. ಓಎಸ್‌ಮೋಡ್ ಸೊನ್ನೆ ಮಾಡಿ ಓಸ್ನ್ಯಾಪ್ ಆಫ್ ಮಾಡಿ, ಹಳೆಯ ಕಮಾಂಡನ್ನು ಓಡಿಸಿ, ಪಿಸಿಡಿ ಕೇಳಿದಾಗ 125 ಎಂದು ಟೈಪ್ ಮಾಡಿ, ಬಂದ ಚಿತ್ರದಲ್ಲಿ ದೂರ ಅಳೆಯುವ ಡಿಸ್ಟ್ ಕಮಾಂಡ್ ಹಾಕಿ ನೋಡಿದೆ. ನಿಖರವಾಗಿ 125. ಸಿಕ್ಕಿತು ಎಂದು ಮ್ಯಾನೇಜರಿಗೆ ಹೇಳಿದೆ. ಎಲ್ಲ ಸೈಜುಗಳನ್ನೂ ಒಟ್ಟಿಗೆ ಬಿಡಿಸುವ ನನ್ನ ಬ್ಯಾಚ್ ಕೋಡಿನ ಆರಂಭದಲ್ಲಿ ಓಎಸ್‌ಮೋಡ್ ಸೊನ್ನೆ ಮಾಡುವ ಸಾಲು ಸೇರಿಸಿ, ಬ್ಯಾಚ್ ಓಡಿಸಿ, ಪ್ರಿಂಟಿನಲ್ಲಿ ಪಿಸಿಡಿ 125 ಎಂದು ಬರೆದಿರುವುದನ್ನು ನೋಡಿ, ಡಿಎಕ್ಸ್‌ಎಫ್ ಕಳಿಸಿದೆ. ಪ್ರಿಂಟಿನಲ್ಲಿದ್ದ ಆ 125 ಚಿತ್ರವನ್ನು ಅಳೆದು ಬಂದದ್ದಾಗಿರಲಿಲ್ಲ, ಲಿಸ್ಟಿನಿಂದ ಎತ್ತಿ ಬರೆದ ಟೆಕ್ಸ್ಟ್ ಆಗಿತ್ತು. ನಮ್ಮ ಚೆಕ್ಕರ್ ಕೆಂಪು ಪೆನ್ನು ಹಿಡಿದು ಮೊದಲ ಸಲ ಪಾಸ್ ಮಾಡಿದ್ದೂ ಅದೇ ಟೆಕ್ಸ್ಟನ್ನು.

ಸಂಜೆ ಮತ್ತೆ ಫೋನ್ ಬಂತು. ಈ ಸಲ ಅವರು ಪೀಸ್ ಕತ್ತರಿಸುವ ಗೋಜಿಗೇ ಹೋಗದೆ ಕತ್ತರಿಸುವ ಭಾಗಗಳನ್ನು ಶೀಟಿನ ಮೇಲೆ ಜೋಡಿಸುವ ನೆಸ್ಟಿಂಗ್ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಅಳೆದಿದ್ದರು. 124. ನಾನು ಕಳಿಸುವ ಮೊದಲು ಮಾಡಬೇಕಿದ್ದ ಕೆಲಸವನ್ನು ಅವರು ತಾವಾಗಿಯೇ ಮಾಡಿದ್ದರು.

ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ನಿಂತರು. ಅಷ್ಟೂ ಹೊತ್ತು ಅವರು ಒಂದು ಮಾತೂ ಆಡಲಿಲ್ಲ. ಓಡುತ್ತಿರುವ ಕೋಡನ್ನು ಒಂದು ಸಾಲಿನಲ್ಲಿ ತಡೆಯುವ ಬ್ರೇಕ್‌ಪಾಯಿಂಟ್ ಹಾಕಿ ನೋಡಬೇಕೆಂದರೆ ನಮ್ಮ ಮಷೀನುಗಳಲ್ಲಿ ವಿಎಸ್ ಕೋಡ್ ಎಂಬ ಎಡಿಟರ್ ಇಲ್ಲ, ಐಟಿಯವರು ಅನುಮತಿ ಕೊಟ್ಟಿಲ್ಲ. ಆಟೋಕ್ಯಾಡ್ 2021ರಿಂದ ಈಚೆಗೆ ಲಿಸ್ಪ್ ಡೀಬಗ್ಗಿಂಗ್ ಅದಕ್ಕೇ ವರ್ಗವಾಗಿರುವುದರಿಂದ, ಹಳೆಯ ವಿಷುವಲ್ ಲಿಸ್ಪ್ ಎಡಿಟರ್ ಬೇಕೆಂದರೆ ಲಿಸ್ಪ್‌ಸಿಸ್ ಎಂಬ ಸಿಸ್ಟಮ್ ವೇರಿಯೇಬಲ್ಲನ್ನು ಸೊನ್ನೆ ಮಾಡಿ ಆಟೋಕ್ಯಾಡ್ ಮುಚ್ಚಿ ಮತ್ತೆ ತೆರೆಯಬೇಕು. ನಮ್ಮ ಮಷೀನಿನಲ್ಲಿ ಅದು ತೆರೆದುಕೊಳ್ಳುವ ತನಕ ಕಾಯುವುದಿದೆಯಲ್ಲ, ಬೆನ್ನ ಹಿಂದೆ ಮ್ಯಾನೇಜರ್ ನಿಂತಿರುವಾಗ ಅದು ಬಹಳ ದೀರ್ಘವಾಗಿರುತ್ತದೆ. ಕೊನೆಗೂ ಆ ಎಡಿಟರ್ (ವಿಎಲ್‌ಐಡಿಇ) ಬಂತು. ತ್ರಿಜ್ಯ ಲೆಕ್ಕ ಹಾಕುವ ಸಾಲಿನ ನಂತರ ಎಫ್9 ಒತ್ತಿ ಬ್ರೇಕ್‌ಪಾಯಿಂಟ್ ಇಟ್ಟು, ತ್ರಿಜ್ಯದ ವೇರಿಯೇಬಲ್ಲನ್ನು ವಾಚ್ ವಿಂಡೋಗೆ ಸೇರಿಸಿ, ಮೊದಲು ಹಳೆಯ ಕಮಾಂಡ್ ಓಡಿಸಿದೆ. 62.5. ನಂತರ ಬ್ಯಾಚ್ ಓಡಿಸಿದೆ. 62. ಆ ಸಂಖ್ಯೆಯ ನಂತರ ಚುಕ್ಕೆಯೇ ಇರಲಿಲ್ಲ. ದಶಮಾಂಶ ಸಂಖ್ಯೆಯಾಗಿದ್ದರೆ ಆಟೋಲಿಸ್ಪ್ 62.0 ಎಂದಾದರೂ ತೋರಿಸುತ್ತದೆ. ಚುಕ್ಕೆ ಇಲ್ಲವೆಂದರೆ ಅದು ಪೂರ್ಣಾಂಕ, ಪೂರ್ಣಾಂಕವೆಂದರೆ ಭಾಗಾಕಾರದಲ್ಲೇ ಅರ್ಧ ಹೋಗಿದೆ.

ಹಳೆಯ ಕಮಾಂಡ್ ಪಿಸಿಡಿಯನ್ನು ಗೆಟ್‌ರಿಯಲ್ ಮೂಲಕ ಕೇಳುತ್ತದೆ, ಅಲ್ಲಿ ಬರೀ 125 ಎಂದು ಟೈಪ್ ಮಾಡಿದರೂ ಒಳಗೆ ಹೋಗುವುದು 125.0. ಬ್ಯಾಚ್ ಮಾತ್ರ ಲಿಸ್ಟಿನ ಪೂರ್ಣಾಂಕವನ್ನೇ ಕೊಡುತ್ತದೆ. ಅಂದರೆ ನಾನು ಕೈಯಿಂದ ಎಷ್ಟು ಸಲ ಪರೀಕ್ಷಿಸಿದ್ದರೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ವೆಂಡರಿಗೆ ಹೋಗುವ ಫೈಲ್ ಒಂದು ದಾರಿಯಿಂದ ಬರುತ್ತಿತ್ತು, ನಾನು ಪರೀಕ್ಷಿಸಿದ್ದು ಇನ್ನೊಂದು ದಾರಿಯನ್ನು. ಕೋನಗಳು ಏಕೆ ತಪ್ಪಲಿಲ್ಲ ಎಂಬ ಪ್ರಶ್ನೆಗೂ ಆಗಲೇ ಉತ್ತರ ಸಿಕ್ಕಿತು: ಎರಡು ಪೈ ಅನ್ನು ಹೋಲ್ ಸಂಖ್ಯೆಯಿಂದ ಭಾಗಿಸುವಾಗ ಪೈ ತಾನೇ ದಶಮಾಂಶ ಸಂಖ್ಯೆಯಾದ್ದರಿಂದ ಇಡೀ ಲೆಕ್ಕ ದಶಮಾಂಶದಲ್ಲೇ ನಡೆಯುತ್ತದೆ. 2ರ ಜಾಗದಲ್ಲಿ 2.0 ಎಂದು ಬರೆದು, ಈ ಸಲ ಬ್ಯಾಚಿನಿಂದ ಬಂದ ಡಿಎಕ್ಸ್‌ಎಫ್ ಅನ್ನೇ ಬೇರೆ ವಿಂಡೋದಲ್ಲಿ ತೆರೆದು ಅಳೆದು ಕಳಿಸಿದೆ. ಮ್ಯಾನೇಜರ್ ಟೆಲ್ಕೊ ರೋಡ್ ಹಿಡಿದು ತಾವೇ ಭೋಸರಿಗೆ ಹೋದರು.

ಕಾಮನ್ ಲಿಸ್ಪ್ ಬಲ್ಲ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ಮೊದಲು ನಂಬಲಿಲ್ಲ. ಕಾಮನ್ ಲಿಸ್ಪ್‌ನಲ್ಲಿ (/ 125 2) ಎಂದರೆ 125/2 ಎಂಬ ಭಿನ್ನರಾಶಿಯೇ ಉತ್ತರ, ಏನೂ ಕಳೆಯುವುದಿಲ್ಲ. ಈಮ್ಯಾಕ್ಸ್ ಲಿಸ್ಪ್ ಮಾತ್ರ ಆಟೋಲಿಸ್ಪ್‌ನಂತೆ 62 ಎನ್ನುತ್ತದೆ. ಆವರಣ ಚಿಹ್ನೆಗಳು ಒಂದೇ ರೀತಿ ಕಂಡ ಮಾತ್ರಕ್ಕೆ ಒಂದು ಲಿಸ್ಪ್‌ನ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ಯಬಾರದು.

ಆ ವಾರದ ನಂತರ ನಾನು ಕೋಡನ್ನು ಎರಡಾಗಿ ಒಡೆದೆ. ಒಂದು ಫಂಕ್ಷನ್ ಹೋಲ್ ಸೆಂಟರುಗಳ ಲಿಸ್ಟ್ ಮಾತ್ರ ಕೊಡುತ್ತದೆ, ಚಿತ್ರವನ್ನು ಮುಟ್ಟುವುದಿಲ್ಲ. ಇನ್ನೊಂದು ಆ ಲಿಸ್ಟ್ ಪಡೆದು ಬಿಡಿಸುತ್ತದೆ. ಮೊದಲನೆಯದನ್ನು ಪರೀಕ್ಷಿಸಲು ಡ್ರಾಯಿಂಗ್ ಬೇಕಿಲ್ಲ, ಓಸ್ನ್ಯಾಪ್‌ನ ಭಯವಿಲ್ಲ. ಈ ಫ್ಲ್ಯಾಂಜುಗಳಲ್ಲಿ ಹೋಲ್‌ಗಳು ನಾಲ್ಕರ ಗುಣಕದಲ್ಲೇ ಇರುವುದರಿಂದ ಪ್ರತಿ ಹೋಲಿಗೂ ಎದುರಿಗೆ ಇನ್ನೊಂದು ಇರುತ್ತದೆ. ಆ ಎರಡರ ನಡುವಿನ ದೂರ ಪಿಸಿಡಿಗೆ ಸಮವೇ ಎಂದು ಈಕ್ವಲ್ ಫಂಕ್ಷನ್‌ಗೆ 0.000001ರಷ್ಟು ಸಡಿಲ ಕೊಟ್ಟು ನೋಡುತ್ತೇನೆ. ಪರೀಕ್ಷೆಗೆ ಬೇಕೆಂದೇ ಬೆಸ ಪಿಸಿಡಿಗಳನ್ನು ಆರಿಸಿಕೊಂಡೆ: ಡಿಎನ್ 25ರ 85, ಡಿಎನ್ 50ರ 125, ಡಿಎನ್ 65ರ 145, ಡಿಎನ್ 200ರ 295. ಎರಡನೆಯ ಫಂಕ್ಷನ್‌ಗೆ ಪರೀಕ್ಷೆ ಎಂದರೆ, ಬಿಡಿಸಿದ ಮೇಲೆ ಹೋಲ್ ಲೇಯರಿನ ವೃತ್ತಗಳನ್ನು ಎಸ್‌ಎಸ್‌ಗೆಟ್‌ನಿಂದ ಹಿಡಿದು, ಎಂಟ್‌ಗೆಟ್‌ನ 10ನೆಯ ಗ್ರೂಪ್ ಕೋಡಿನಿಂದ (ಚಿತ್ರದ ಒಂದೊಂದು ಮಾಹಿತಿಗೂ ಇರುವ ಸಂಖ್ಯೆಯ ಗುರುತು) ಸೆಂಟರ್ ಓದಿ, ಮತ್ತೆ ಅಳೆಯುವುದು.

ಈ ಪರೀಕ್ಷೆಗಳು ಫಲ ಕೊಟ್ಟದ್ದು ಬೇರೆಯದೇ ಒಂದು ದೋಷಕ್ಕೆ. ನಮ್ಮ ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಸೈಜಿನ ಹೆಸರು ಬರೆಯುವ ಸಣ್ಣ ಫಂಕ್ಷನ್ ಸೇರಿಸಿದರು. ಡಿಎನ್ 50 ಸರಿಯಾಗಿ ಬಂತು, ಆದರೆ ಡಿಎನ್ 80ರ ಪರೀಕ್ಷೆ ಎಂಟು ಹೋಲಿನ ಜಾಗದಲ್ಲಿ ನಾಲ್ಕೇ ಇವೆ ಎಂದಿತು. ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ ಎಂಬುದನ್ನು ಅವರು ಎನ್ ಎಂಬ ವೇರಿಯೇಬಲ್‌ನಲ್ಲಿ ಇಟ್ಟಿದ್ದರು, ಫಂಕ್ಷನ್ ಆರಂಭವಾಗುವ ಡಿಫನ್ ಸಾಲಿನ ಸ್ಲ್ಯಾಶ್ ನಂತರ ಅದನ್ನು ಲೋಕಲ್ ಎಂದು ಬರೆದಿರಲಿಲ್ಲ. ಕರೆದ ಫಂಕ್ಷನ್‌ನಲ್ಲಿ ಎನ್ ಎಂದರೆ ಹೋಲ್ ಸಂಖ್ಯೆ. ಆಟೋಲಿಸ್ಪ್‌ನಲ್ಲಿ ಸ್ಕೋಪ್ ಡೈನಮಿಕ್ ಆದ್ದರಿಂದ, ಒಳಗಿನ ಫಂಕ್ಷನ್ ಲೋಕಲ್ ಮಾಡಿಕೊಳ್ಳದ ಹೆಸರಿಗೆ ಸೆಟ್‌ಕ್ಯೂ ಮೂಲಕ ಬೆಲೆ ಕೊಟ್ಟರೆ ಕರೆದವರ ಬೆಲೆಯೇ ಅಳಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆದ ಡಿಎನ್50ಕ್ಕೆ ನಾಲ್ಕು ಅಕ್ಷರ, ಅದರ ಹೋಲ್‌ಗಳೂ ನಾಲ್ಕು. ಡಿಎನ್ 50 ಒಂದನ್ನೇ ನೋಡಿ ಬಿಟ್ಟಿದ್ದರೆ ಇದೂ ಭೋಸರಿಯ ತನಕ ಹೋಗುತ್ತಿತ್ತು. ಸ್ಲ್ಯಾಶ್ ನಂತರದ ಪಟ್ಟಿಯನ್ನು ಓದದೆ ನಾನು ಈಗ ಯಾರ ಲಿಸ್ಪನ್ನೂ ಲೋಡ್ ಮಾಡುವುದಿಲ್ಲ, ನನ್ನದನ್ನೂ ಸೇರಿಸಿ.

ಬ್ಯಾಚ್ ಕೋಡಿನಿಂದ ಮೊದಲೇ ಹೊರಗೆ ಹೋಗಿದ್ದ ಫೈಲುಗಳ ವಿಷಯದಲ್ಲಿ ಆಡಳಿತದೊಂದಿಗೆ ನನಗೆ ನಿಜವಾದ ಭಿನ್ನಾಭಿಪ್ರಾಯವಾಯಿತು. 18ರ ಹೋಲಿನಲ್ಲಿ ಎಂ16 ಬೋಲ್ಟ್ ಹೋಗುವುದರಿಂದ, ಸೆಂಟರ್ ಅರ್ಧ ಮಿಲಿಮೀಟರ್ ಸರಿದರೂ ಬೋಲ್ಟ್ ಕೂರುತ್ತದೆ, ಸೈಟಿನಿಂದ ದೂರು ಬಂದಿಲ್ಲ, ಸುಮ್ಮನಿರೋಣ ಎಂಬುದು ಅವರ ವಾದ. ಆ ಎರಡು ಮಿಲಿಮೀಟರ್ ಸಡಿಲ ಇರುವುದು ಸೈಟಿನಲ್ಲಿ ಫಿಟ್-ಅಪ್ ಮಾಡುವವರಿಗೆ, ನಮ್ಮ ಭಾಗಾಕಾರದ ತಪ್ಪನ್ನು ನುಂಗುವುದಕ್ಕೆ ಇಟ್ಟದ್ದಲ್ಲ ಎಂಬುದು ನನ್ನ ವಾದ. ಕೊನೆಗೆ ಬೆಸ ಪಿಸಿಡಿಯ ಸೈಜುಗಳ ಪಟ್ಟಿಯೊಂದಿಗೆ ಪರ್ಚೇಸ್ ವಿಭಾಗದಿಂದ ವೆಂಡರುಗಳಿಗೆ ಮೇಲ್ ಹೋಯಿತು. ಚೆಕ್ಕರ್ ತಮ್ಮ ಕಡೆಯಿಂದ ಒಂದು ನಿಯಮ ತಂದರು: ಪಿಸಿಡಿ ಇನ್ನು ಮುಂದೆ ಟೆಕ್ಸ್ಟ್ ಆಗಿರಬಾರದು, ಚಿತ್ರವನ್ನೇ ಅಳೆದು ತೋರಿಸುವ ನಿಜವಾದ ಡೈಮೆನ್ಷನ್ ಆಗಿರಬೇಕು. ಡೈಮೆನ್ಷನ್ನಿನ ಮೇಲೂ ಕೈಯಿಂದ ಬೇರೆ ಸಂಖ್ಯೆ ಬರೆಯಲು ಬರುತ್ತದೆ, ಆದರೆ ಹಾಗೆ ಬರೆದದ್ದು ಅದರ 1ನೆಯ ಗ್ರೂಪ್ ಕೋಡಿನಲ್ಲಿ ಉಳಿಯುತ್ತದೆ, ಆದ್ದರಿಂದ ಅದನ್ನು ಹುಡುಕುವ ಸಣ್ಣ ಲಿಸ್ಪ್ ಒಂದನ್ನು ಅವರಿಗೆ ಬರೆದುಕೊಟ್ಟೆ. ಹಳೆಯ ಸ್ಟ್ಯಾಂಡರ್ಡ್ ಡ್ರಾಯಿಂಗುಗಳ ಫೋಲ್ಡರಿನ ಮೇಲೆ ಓಡಿಸಿದಾಗ ಅಂಥವು ಸಾಕಷ್ಟು ಸಿಕ್ಕವು. ಅವುಗಳನ್ನು ಅಳೆದು ಸರಿಪಡಿಸುವುದಕ್ಕೆ ಪ್ರತ್ಯೇಕ ಸಮಯ ಬೇಕೆಂದು ಕೇಳಿದ್ದೇವೆ, ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಬೇರೆ ಕೆಲಸಗಳ ನಡುವೆ ನಾನೂ ಚೆಕ್ಕರೂ ಒಂದೊಂದಾಗಿ ತೆರೆದು ನೋಡುತ್ತಿದ್ದೇವೆ.